ಹೋರಿಯ ಎಡಗಡೆ

ನಮ್ಮ ಕಡೆ ಹೆಣ್ಣುಮಗಳೊಬ್ಬಳು ಮುಂಜಾನೆ ರಸ್ತೆಯ ಮೇಲೆ ಓಡುತ್ತಿದ್ದರೆ ಅದಕ್ಕೆ ಇದ್ದದ್ದು ಒಂದೇ ಅರ್ಥ: ಯಾರಿಗೋ ಏನೋ ಆಗಿದೆ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ರಾಯಬಾಗದಿಂದ ಹೊರಗೆ ಹೋಗುವ ರಸ್ತೆಯಲ್ಲಿ, ನಾನು ಓಡಲು ಶುರುಮಾಡಿದ ಮೊದಲ ದಿನವೇ ಇದು ನನಗೆ ತಿಳಿಯಿತು.

ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನ ಮೇಲೆ ಬರುತ್ತಿದ್ದವನು ನನ್ನನ್ನು ಕಂಡು ಕಾಲೂರಿ ನಿಂತ.

“ಯಾಕವ್ವಾ, ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ಲ.”

“ಏನೂ ಆಗದ ಹಿಂಗ ಓಡಾಕತ್ತೀ?”

ನಾನು ಏದುಸಿರು ಬಿಡುತ್ತಲೇ ಮುಂದೆ ಓಡಿದೆ. ಸ್ವಲ್ಪ ಮುಂದೆ, ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ, “ಹತ್ರಿ ಅಕ್ಕಾರ, ದವಾಖಾನಿತನಾ ಬಿಟ್ಟು ಬರ್ತೇನಿ” ಎಂದ. ಬೇಡವೆಂದರೂ ಕೇಳಲಿಲ್ಲ. ನಾನು ಮನೆಯತ್ತ ತಿರುಗಿ ಓಡಿದೆ. ಅವನು ನನ್ನ ಹಿಂದೆ ಹಿಂದೆಯೇ ನಿಧಾನವಾಗಿ ಟ್ರ್ಯಾಕ್ಟರ್ ಬಿಟ್ಟುಕೊಂಡು ಬಾಗಿಲತನಕ ಬಂದ. ಸಂಜೆ ಓಣಿಯ ಇಬ್ಬರು ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಬಂದು ಅವ್ವನ ಪಕ್ಕ ಕೂತರು. ಅಪ್ಪ ಕೆಮ್ಮುತ್ತ ಒಳಗಿನಿಂದ ಹೊರಗೆ ಬಂದ ಮೇಲೆಯೇ ಅವರ ಜೀವಕ್ಕೆ ಸಮಾಧಾನ. ಚಹಾ ಕುಡಿದು ಎದ್ದು ಹೋದರು.

ನಾನು ಓಡುತ್ತಿದ್ದದ್ದು ನೌಕರಿಗಾಗಿ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ. ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಇನ್ನು ಉಳಿದದ್ದು ಮೈದಾನದ ಪರೀಕ್ಷೆ. ಜಿಗಿತ, ಗುಂಡೆಸೆತ ಹೇಗೋ ಆಗುತ್ತವೆ ಎಂಬ ಧೈರ್ಯವಿತ್ತು. ಓಟದ ಬಗ್ಗೆ ಇರಲಿಲ್ಲ. ಮೈದಾನದ ಸುತ್ತ ಎರಡು ಸುತ್ತು, ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಬೇಕು. ಮುಂದಿನ ಸಲ ಅರ್ಜಿ ಕರೆಯುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತಿತ್ತು. ಹಾಗಾಗಿ ನನಗಿದ್ದದ್ದು ಇದೊಂದೇ ಅವಕಾಶ.

ಪೊಲೀಸ್ ಕೆಲಸವೇ ಏಕೆ ಎಂದು ಎಲ್ಲರೂ ಕೇಳುತ್ತಿದ್ದರು. ಸಮಾಜಸೇವೆ ಎಂದು ಹೇಳುತ್ತಿದ್ದೆ, ಅದು ಸುಳ್ಳಲ್ಲ. ಆದರೆ ಯಾರಿಗೂ ಹೇಳದ ಇನ್ನೊಂದು ಕಾರಣವಿತ್ತು. ಆ ಕೆಲಸದ ಜೊತೆಗೆ ಕ್ವಾರ್ಟರ್ಸ್ ಕೊಡುತ್ತಾರೆ. ನಮ್ಮ ಮನೆಯಲ್ಲಿ ಬಾಗಿಲುಗಳು ಬಹಳ ಇದ್ದವು. ಒಂದಕ್ಕೂ ಒಳಗಿನಿಂದ ಅಗಳಿ ಹಾಕುವ ರೂಢಿ ಇರಲಿಲ್ಲ. ನಾನು ಪುಸ್ತಕ ತೆರೆದು ಕೂತಲ್ಲಿಗೆ ಅಜ್ಜಿ ಅವರೆಕಾಯಿ ತಂದು ಸುರಿಯುತ್ತಿದ್ದಳು, ಪಕ್ಕದ ಮನೆಯವರು ಬಂದು ಕೂದಲು ಬಾಚಿಕೊಳ್ಳುತ್ತಿದ್ದರು. ಯಾರದ್ದೂ ತಪ್ಪಲ್ಲ; ಮನೆ ಎಂದರೆ ಹಾಗೇ ಎಂದು ಅವರು ತಿಳಿದಿದ್ದರು. ನನಗೆ ಮಾತ್ರ ಅಗಳಿ ಇರುವ ಒಂದು ಬಾಗಿಲು ಬೇಕಿತ್ತು.

ವ್ಯಾಯಾಮದ ಬಗ್ಗೆ ಒಂದು ಪುಸ್ತಕ ಓದಿದ್ದೆ. ಅದರಲ್ಲಿ ಇದ್ದದ್ದೆಲ್ಲ ಸರಿಯೇ. ಆದರೆ ನಾನು ಎಲ್ಲಿ ತಪ್ಪುತ್ತಿದ್ದೇನೆಂದು ಪುಸ್ತಕಕ್ಕೆ ಕಾಣುತ್ತಿರಲಿಲ್ಲ. ರಸ್ತೆಯ ಮೇಲಿನ ಜನಕ್ಕೋ, ನಾನು ಅಗತ್ಯಕ್ಕಿಂತ ಹೆಚ್ಚು ಕಾಣುತ್ತಿದ್ದೆ. ಒಂದು ವಾರದಲ್ಲಿ ಓಡುವುದನ್ನೇ ನಿಲ್ಲಿಸಿದೆ.

ಸಂತೆಯ ದಿನ ಕಾಕಾ ಬಂದ. ಅಪ್ಪನ ತಮ್ಮ. ಅಲಖನೂರಿನ ಹತ್ತಿರ ತೋಟದ ಮನೆಯಲ್ಲಿ ಅವನೂ ಅವನ ಹೆಂಡತಿ ಕಾಕುವೂ ಇರುತ್ತಿದ್ದರು. ಕಬ್ಬು ಬೆಳೆಯುತ್ತಿದ್ದ, ಆದರೆ ಅವನ ಜೀವವಿದ್ದದ್ದು ಗಾಡಿ ಶರ್ಯತ್ತಿನ ಎತ್ತುಗಳಲ್ಲಿ. ಚಿಕ್ಕೋಡಿ, ಅಥಣಿ, ಕಾಗವಾಡ, ಎಲ್ಲಿ ಗಾಡಿ ಓಡಿಸುವ ಪಂದ್ಯವಿದ್ದರೂ ಅವನು ಅಲ್ಲಿರುತ್ತಿದ್ದ. ಟ್ರ್ಯಾಕ್ಟರಿನವನು ನನ್ನ ಹಿಂದೆ ಬಂದ ಕತೆಯನ್ನು ಅವ್ವ ಹೇಳಿದಾಗ ಅವನು ತಲೆಗೆ ಸುತ್ತಿದ್ದ ಪಟಕಾ ಜಾರುವಷ್ಟು ನಕ್ಕ. ಆಮೇಲೆ ನನ್ನನ್ನು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯಲು ಹೇಳಿ, ಕುಕ್ಕರಗಾಲಿನಲ್ಲಿ ಕೂತು ನೋಡಿದ.

“ಕಾಲ ಚಲೋ ಅದಾವ” ಎಂದ ಅಪ್ಪನಿಗೆ. “ಉಸಿರ ಹಿಡಿಯೂದು ಗೊತ್ತಿಲ್ಲ. ತ್ವಾಟಕ್ಕ ಕಳಸು.”

“ಅಕಿ ಏನ್ ಹೋರಿ ಏನೋ?” ಎಂದಳು ಅವ್ವ.

“ಹೋರಿ ಆಗಿದ್ರ ಇಷ್ಟೊತ್ತಿಗೆ ತಯಾರ ಆಗಿರ್ತಿತ್ತ ವೈನಿ. ಇದು ಓದಿದ ಹುಡುಗಿ, ಒಂದ ನಾಕ ದಿನ ಹೆಚ್ಚಿಗಿ ಹಿಡೀತೈತಿ.”

ಹೀಗೆ ನಾನು ತೋಟಕ್ಕೆ ಹೋದೆ.

ಅಲ್ಲಿ ನಿಜವಾಗಿಯೂ ಒಂದು ಹೋರಿ ತಯಾರಾಗುತ್ತಿತ್ತು. ಬಿಳಿ ಖಿಲಾರಿ ತಳಿಯದು, ಇನ್ನೂ ಎಳೆಯದು, ಕೋಡು ಹಿಂದಕ್ಕೆ ಬಾಗಿ ಚೂಪಾಗಿದ್ದವು. ಅದನ್ನು ಕಾಕಾ ಬಲಗೋಲಿಗೆ, ಎಂದರೆ ನೊಗದ ಬಲಬದಿಗೆ, ತಯಾರು ಮಾಡುತ್ತಿದ್ದ. ಎಡಗೋಲಿನ ಎತ್ತು ಇನ್ನೂ ಸಿಕ್ಕಿರಲಿಲ್ಲ. ಒಂಟಿಯಾಗಿ ಓಡಿಸಿದರೆ ಹೋರಿ ಎಡಕ್ಕೆ ಎಳೆಯುತ್ತಿತ್ತು, ಅರ್ಧ ದಾರಿಯಲ್ಲಿ ನಿಂತು ಮೇಯುತ್ತಿತ್ತು. ಅದರ ಎಡಗಡೆ ಯಾರಾದರೂ ಓಡಬೇಕಿತ್ತು.

“ನೀ ಎಡಗೋಲ” ಎಂದ ಕಾಕಾ.

ಮರುದಿನ ನಸುಕಿನಲ್ಲಿ ನಾವು ಕಾಲುವೆಯ ಪಕ್ಕದ ಮಣ್ಣು ರಸ್ತೆಗೆ ಇಳಿದೆವು. ನಡುವೆ ಹೋರಿ, ಅದರ ಬಲಕ್ಕೆ ಉದ್ದ ಹಗ್ಗ ಹಿಡಿದು ಸೈಕಲ್ ತುಳಿಯುವ ಕಾಕಾ, ಎಡಕ್ಕೆ ಚೂಡಿದಾರ, ಕ್ಯಾನ್ವಾಸ್ ಬೂಟು ಹಾಕಿಕೊಂಡ ನಾನು. ಎದುರಿಗೆ ಒಬ್ಬ ಬರುವುದು ಕಂಡಾಗ, ಈಗ ಕೇಳಿಯೇ ಕೇಳುತ್ತಾನೆ ಎಂದುಕೊಂಡೆ. ಬಂದವನು ನಿಂತ. ನೋಡಿದ. “ಏನ ಹೋರಿ ತಂದೀಯೋ ಮಾರಾಯಾ! ಎಷ್ಟ ಹಲ್ಲ?” ಎಂದು ಕಾಕಾನನ್ನು ಕೇಳಿದ. ನನ್ನ ಕಡೆ ಕಣ್ಣೆತ್ತಲಿಲ್ಲ. ಅವನ ಹಿಂದೆ ಬಂದವರೂ ಅಷ್ಟೇ. ಓಡುವ ಹೋರಿಯ ಪಕ್ಕದಲ್ಲಿ ಓಡುವ ಮನುಷ್ಯರು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ. ಹೋರಿಯ ಎಡಗಡೆ ನಾನು ಮರೆಯಾಗಿ ಹೋಗಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಬಯಲಿನಲ್ಲಿ ಅಷ್ಟು ಏಕಾಂತವನ್ನು ನಾನು ಅನುಭವಿಸಿರಲಿಲ್ಲ.

ನನ್ನನ್ನು ನೋಡುತ್ತಿದ್ದವನು ಒಬ್ಬನೇ, ಕಾಕಾ. ಅವನು ನೋಡುವ ರೀತಿ ಬೇರೆ. ಚೆಂದವೋ ಕುರೂಪವೋ, ಇಷ್ಟು ವಯಸ್ಸಿಗೆ ಇನ್ನೂ ಲಗ್ನ ಏಕಾಗಿಲ್ಲವೋ, ಇದ್ಯಾವುದೂ ಆ ನೋಟದಲ್ಲಿ ಇರಲಿಲ್ಲ. ಹೆಜ್ಜೆ ಎಲ್ಲಿ ಬೀಳುತ್ತದೆ, ಭುಜ ಎಲ್ಲಿ ಬಿಗಿಯುತ್ತದೆ, ಉಸಿರು ಬಾಯಿಂದ ಬರುತ್ತಿದೆಯೋ ಮೂಗಿನಿಂದಲೋ, ಇಷ್ಟೇ. “ಕೈ ಬಿಗಿ ಹಿಡೀಬ್ಯಾಡ, ಮುಷ್ಟ್ಯಾಗ ಹಕ್ಕಿ ಇಟ್ಕೊಂಡಂಗ ಹಿಡಿ” ಎನ್ನುತ್ತಿದ್ದ. ಇನ್ನೊಂದು ಕ್ಷಣಕ್ಕೆ ಹೋರಿಗೆ, “ಏ, ನಿನಗಲ್ಲ, ನೀ ನಡಿ” ಎನ್ನುತ್ತಿದ್ದ. ಚಾಟಿ ಅವನ ಹತ್ತಿರ ಇರಲೇ ಇಲ್ಲ. ನಾನು ಸೋತು ನಿಂತಾಗ ಬೈಯುತ್ತಿರಲಿಲ್ಲ, ಬೇರೆಯವರ ಮಕ್ಕಳನ್ನು ತೋರಿಸುತ್ತಿರಲಿಲ್ಲ. “ನಿನ್ನಿ ಆ ಬಾರಿ ಗಿಡದತನಾ ಬಂದಿದ್ದಿ. ಇವತ್ತ ಮೋಟಿನತನಾ” ಎಂದು ನೀರಿನ ಯಂತ್ರದ ಕೋಣೆಯನ್ನು ತೋರಿಸುತ್ತಿದ್ದ. ನಿನ್ನೆಯ ನಾನು, ಇವತ್ತಿನ ನಾನು. ಪಂದ್ಯ ನಮ್ಮಿಬ್ಬರ ನಡುವೆ ಮಾತ್ರ.

ಆದರೆ ಅವನ ವಿಚಾರಣೆಯ ಒಂದು ಭಾಗ ನನಗೆ ಬಹಳ ಸಂಕೋಚದ್ದು. ಹೋರಿಯ ಆರೋಗ್ಯವನ್ನು ಕಾಕಾ ಅದರ ಸಗಣಿಯಿಂದ ಅಳೆಯುತ್ತಿದ್ದ. ನನ್ನ ವಿಷಯದಲ್ಲಿ ಅವನು ಬೆನ್ನು ತಿರುಗಿಸಿ ನಿಂತು ಆಕಾಶ ನೋಡುತ್ತಿದ್ದ, ಕಾಕು ಅಡುಗೆಮನೆಯಿಂದ ಇಡೀ ತೋಟಕ್ಕೆ ಕೇಳುವಂತೆ, “ನಿಮ್ಮ ಕಾಕಾ ಕೇಳಾಕತ್ತಾರ, ಹೊಟ್ಟಿ ಸಾಫ್ ಆಗೈತೇನ ಇಲ್ಲೇನ?” ಎಂದು ಕೂಗುತ್ತಿದ್ದಳು.

“ಆಗೈತಿ” ಎಂದು ನಾನು ಪಿಸುಗುಟ್ಟುತ್ತಿದ್ದೆ.

“ಆಗೈತಂತ್ರೀ!”

ಸಂಜೆ ಮಾಲೀಶು. ಹೋರಿಗೆ ಕಾಕಾ ಹೊರಗೆ ಕೊಟ್ಟಿಗೆಯಲ್ಲಿ, ನನಗೆ ಕಾಕು ಒಳಗೆ ಒಲೆಯ ಮುಂದೆ. ಗೋಡೆಯಾಚೆಯಿಂದ ಅಪ್ಪಣೆ ಬರುತ್ತಿತ್ತು. “ಕೆಳಗಿಂದ ಮ್ಯಾಲ ತಿಕ್ಕ. ಮೀನಖಂಡಕ್ಕ ಬೆರಳ ಒತ್ತಿ ತಿಕ್ಕ.”

“ಗೊತ್ತೈತ್ರೀ. ನಿಮ್ಮ ಹೋರಿ ನೀವ ನೋಡ್ಕೋರಿ, ನನ್ನ ಹೋರಿ ನಾ ನೋಡ್ಕೋತೇನಿ.”

ಹುರಳಿಯೂ ಹಾಗೇ. ಒಂದೇ ಪಾತೇಲಿಯಲ್ಲಿ ಕುದಿಯುತ್ತಿತ್ತು. ಹೋರಿಯ ಪಾಲಿಗೆ ಹಿಂಡಿ ಬೆರೆಯುತ್ತಿತ್ತು, ನನ್ನ ಪಾಲಿಗೆ ಬೆಲ್ಲ. ಕಾಕು ತಟ್ಟೆ ಮುಂದಿಡುತ್ತ, “ತಿನ್ನವ್ವಾ. ತಿಂದ ತಿಂದ ನಾಳಿ ಕೋಡ ಬಂದ್ರ ಸಾಹೇಬರ ಟೊಪ್ಪಿಗಿ ಹೆಂಗ ಕೂಡ್ತೈತೋ ನೋಡೂಣು” ಎನ್ನುತ್ತಿದ್ದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ರಾಯಬಾಗದ ಮನೆಯಲ್ಲಿ ನಾನು ನಗದವಳು ಎಂದು ಹೆಸರಾಗಿದ್ದೆ. ತೋಟದಲ್ಲಿ ಯಾರೂ ಆ ಮಾತು ಎತ್ತಲಿಲ್ಲ, ಏಕೆಂದರೆ ಅಲ್ಲಿ ನಾನು ನಗುತ್ತಲೇ ಇದ್ದೆ.

ನನಗೆ ಒಗ್ಗದ ಒಂದು ಪಾಠವಿತ್ತು, ವಿಶ್ರಾಂತಿ. ಓದಿನಲ್ಲಿ ನಾನು ಹೆಚ್ಚು ಹೊತ್ತು ಕೂತವರು ಹೆಚ್ಚು ಅಂಕ ತರುತ್ತಾರೆ ಎಂದು ನಂಬಿ ಬೆಳೆದವಳು. ಒಂದು ದಿನ ಕಾಕಾ ಹೋರಿಯನ್ನು ಬಿಚ್ಚಲಿಲ್ಲ. ಇವತ್ತು ಅದರ ಕಾಲು ಭಾರ ಇದೆ ಎಂದ. ನಾನೊಬ್ಬಳೇ ಓಡಿ ಬರುತ್ತೇನೆ ಎಂದೆ.

“ಹೋರಿ ಕಟ್ಟಿದ ದಿನ ನೀನೂ ಕಟ್ಟಿದಂಗ” ಎಂದ ಕಾಕಾ. “ಮೈ ಬಲಿಯೂದು ಓಡೂಮುಂದ ಅಲ್ಲ, ಮಲಗಿದಾಗ.”

ಆ ದಿನ ಹೊರಸಿನ ಮೇಲೆ ಮಲಗಿ ಏನೂ ಮಾಡದೆ ಕಬ್ಬಿನ ಗರಿ ಅಲ್ಲಾಡುವುದನ್ನು ನೋಡಿದೆ. ಮರುದಿನ ಮೋಟಿನ ಕೋಣೆಯನ್ನು ದಾಟಿ ಓಡಿದೆ.

ರಸ್ತೆಯ ಕೊನೆಯಲ್ಲಿ ಒಂದು ಜಾಲಿ ಗಿಡವಿತ್ತು. ಅದನ್ನು ಎಡಕ್ಕೆ ಹಾಕಿ ಸುತ್ತಿ ಮರಳಿ ಬರುವುದು. ಶರ್ಯತ್ತಿನಲ್ಲೂ ಗಾಡಿಗಳು ನಿಶಾನಿಯ ಕಂಬದವರೆಗೆ ಓಡಿ, ಅದನ್ನು ಸುತ್ತಿ ಹೊರಟಲ್ಲಿಗೇ ಬರಬೇಕು. ಗೆಲುವು ಸೋಲು ನಿಶ್ಚಯವಾಗುವುದು ಆ ತಿರುವಿನಲ್ಲೇ ಎಂದು ಕಾಕಾ ಹೇಳುತ್ತಿದ್ದ. ಗಿಡದ ಹತ್ತಿರ ಬಂದಾಗ ಅವನು, “ಎಡಗೋಲ, ತಡಿ!” ಎಂದು ಕೂಗುತ್ತಿದ್ದ. ನಾನು ಹೆಜ್ಜೆ ಸಣ್ಣ ಮಾಡಿ, ನಿಂತೇ ನಿಂತೆ ಎನ್ನುವಷ್ಟು ನಿಧಾನವಾಗಬೇಕು. ಹೋರಿ ಹೊರಗಿನಿಂದ ದೊಡ್ಡದಾಗಿ ಸುತ್ತಿ ಬರಬೇಕು. ಅದರ ಬಿಸಿ ಉಸಿರು ನನ್ನ ಬಲತೋಳಿಗೆ ತಾಗಿದಾಗ ಮತ್ತೆ ಇಬ್ಬರೂ ಕೂಡಿ ಓಡಬೇಕು. ಒಳಗಿನ ಎತ್ತು ತಡೆಯದಿದ್ದರೆ ಗಾಡಿ ಮಗುಚುತ್ತದೆ. ಇದನ್ನು ನಾನು ಬಹಳ ಬೇಗ ಕಲಿತೆ. ಎಷ್ಟು ಬೇಗವೆಂದರೆ, ಕೆಲವು ವಾರಗಳಾದ ಮೇಲೆ ಕಾಕಾ ಕೂಗುವ ಮೊದಲೇ ನನ್ನ ಕಾಲು ತಾನಾಗಿ ತಡೆಯುತ್ತಿತ್ತು.

ಕಾಕಾ ಸೈಕಲ್ಲಿನಿಂದ ಇಳಿದುಬಿಟ್ಟ. “ಕೂಗಿದ ಮ್ಯಾಲೆ ತಿರಗೂ ಎತ್ತ ಬ್ಯಾರೆ, ಕೂಗೂಕಿಂತ ಮೊದಲ ತಿರಗೂ ಎತ್ತ ಬ್ಯಾರೆ” ಎಂದ ಹೋರಿಗೆ. “ನೋಡಿ ಕಲಿಯಲೇ!”

ನನಗೆ ಸಿಕ್ಕ ಯಾವ ರ‍್ಯಾಂಕಿಗೂ ನಾನು ಅಷ್ಟು ಹಿಗ್ಗಿರಲಿಲ್ಲ. ಕೈಗಡಿಯಾರದಲ್ಲಿ ನೋಡಿಕೊಂಡೆ: ಮೈದಾನದ ಎರಡು ಸುತ್ತಿನಷ್ಟು ದೂರವನ್ನು ಗೊತ್ತುಪಡಿಸಿದ ಹೊತ್ತಿನೊಳಗೇ ಮುಗಿಸುತ್ತಿದ್ದೆ. ಗಾಡಿಯೇ ಇಲ್ಲದವಳು ಗಾಡಿ ಮಗುಚದಂತೆ ಏಕೆ ತಡೆಯಬೇಕು ಎಂದು ನನಗೂ ಹೊಳೆಯಲಿಲ್ಲ, ಕಾಕಾನಿಗೂ ಹೊಳೆಯಲಿಲ್ಲ.

ಪರೀಕ್ಷೆ ಬೆಳಗಾವಿಯಲ್ಲಿ. ಕಾಕಾ ಹೊಸ ಪಟಕಾ ಸುತ್ತಿಕೊಂಡು, ಕಾಕು ರೊಟ್ಟಿ ಝುಣಕದ ಗಂಟು ಹಿಡಿದುಕೊಂಡು, ಮೂವರೂ ಬಸ್ಸಿನಲ್ಲಿ ಹೋದೆವು. ಮೈದಾನದೊಳಗೆ ಪರೀಕ್ಷೆಗೆ ಬಂದವರಿಗೆ ಮಾತ್ರ ಪ್ರವೇಶ. ಕಾಕಾ ಕಂಪೌಂಡಿನ ಹೊರಗೆ ಒಂದು ಹುಣಸೆ ಗಿಡ ನೋಡಿಕೊಂಡ. ಜಿಗಿತ, ಗುಂಡೆಸೆತ ಆದವು. ಮಧ್ಯಾಹ್ನದ ಹೊತ್ತಿಗೆ ಓಟಕ್ಕೆ ಕರೆದರು. ಎದೆಗೆ ನಂಬರಿನ ಬಟ್ಟೆ ಪಿನ್ನು ಮಾಡಿದರು. ಸುಣ್ಣದ ಗೆರೆಯ ಮೇಲೆ ನಿಂತಾಗ ನನ್ನ ಬಲಗಡೆ ಯಾವ ಮರೆಯೂ ಇಲ್ಲವೆಂಬುದು ಮೊದಲ ಸಲ ಅರಿವಾಯಿತು. ಕಂಪೌಂಡಿನ ಉದ್ದಕ್ಕೂ ಜನ ಇಣುಕುತ್ತಿದ್ದರು.

ಸೀಟಿ ಊದಿದರು. ನೇರ ದಾರಿಯಲ್ಲಿ ಚೆನ್ನಾಗಿಯೇ ಹೊರಟೆ, ಮುಂದಿನವರಲ್ಲಿ ಒಬ್ಬಳಾಗಿ. ಮೊದಲ ತಿರುವು ಬಂತು. ಅದು ಎಡಕ್ಕೆ ತಿರುಗುವ ತಿರುವು. ನನ್ನ ಕಾಲು ತಡೆಯಿತು.

ಹಿಂದಿನಿಂದ ಬರುತ್ತಿದ್ದ ಹುಡುಗಿ ನನಗೆ ಹಾಯುವುದು ಸ್ವಲ್ಪದರಲ್ಲಿ ತಪ್ಪಿತು. ಅವಳು ಏನೋ ಅಂದುಕೊಂಡು ಮುಂದೆ ಹೋದಳು. ಇನ್ನೂ ಇಬ್ಬರು ಹೋದರು. ದಣಿದಿರಲಿಲ್ಲ, ನೋವಿರಲಿಲ್ಲ, ಏನಾಗುತ್ತಿದೆ ಎಂದು ತಿಳಿಯಲಿಲ್ಲ. ನೇರ ದಾರಿ ಬಂದಾಗ ಮತ್ತೆ ವೇಗ ಹಿಡಿದೆ. ಮುಂದಿನ ತಿರುವಿನಲ್ಲಿ ಮತ್ತೆ ಹಾಗೇ. ಈ ಸಲ ನನ್ನ ಕುತ್ತಿಗೆ ತುಸು ಬಲಕ್ಕೆ ಹೊರಳಿರುವುದು ಗಮನಕ್ಕೆ ಬಂತು. ತೋಳಿಗೆ ಬಿಸಿ ಉಸಿರು ತಾಗುವುದನ್ನು ಕಾಯುತ್ತಿದ್ದೆ. ಬೆಳಗಾವಿಯ ಮೈದಾನದಲ್ಲಿ, ಅಲಖನೂರಿನ ಕೊಟ್ಟಿಗೆಯಲ್ಲಿ ಆರಾಮಾಗಿ ಮೆಲುಕು ಹಾಕುತ್ತಿದ್ದ ಹೋರಿಗಾಗಿ, ನಾನು ದಾರಿ ಬಿಟ್ಟು ಕಾಯುತ್ತಿದ್ದೆ.

ಅಷ್ಟು ಹೆದರಿಕೆಯಲ್ಲೂ ನಗು ಬಂತು. ತೋಟದ ರಸ್ತೆಯಲ್ಲಿ ಇದ್ದದ್ದು ಒಂದೇ ತಿರುವು. ಇಲ್ಲಿ ತಿರುವಿನ ಮೇಲೆ ತಿರುವು. ಎಲ್ಲ ಕಡೆ ಹೀಗೆ ತಡೆದರೆ ಕ್ವಾರ್ಟರ್ಸಿನ ಬಾಗಿಲು ನನಗೆ ಮುಚ್ಚಿದಂತೆಯೇ. ಎರಡನೆಯ ಸುತ್ತು ಶುರುವಾಗಿತ್ತು. ಇಷ್ಟು ದಿನ ಕಲಿತ ಕಾಲಿಗೆ ಈಗ ನಿಂತು ಪಾಠ ಬಿಡಿಸಲು ಆಗುವುದಿಲ್ಲ. ಆದರೆ ಹೊರಗಿನ ಎತ್ತು ತಿರುವಿನಲ್ಲಿ ಏನು ಮಾಡುತ್ತದೆ ಎನ್ನುವುದನ್ನು ನನಗಿಂತ ಹತ್ತಿರದಿಂದ ಯಾರೂ ನೋಡಿರಲಿಲ್ಲ. ಅದು ಕುತ್ತಿಗೆ ತಗ್ಗಿಸುತ್ತದೆ, ಹೆಜ್ಜೆ ದೊಡ್ಡದು ಮಾಡುತ್ತದೆ, ತಿರುವು ಬಂದಾಗಲೇ ಜೋರಾಗುತ್ತದೆ. ಹೊರಗೆ ಹೋದರೆ ದೂರ ಹೆಚ್ಚು. ಒಳಗೆ ನಿಂತರೆ ಹೊತ್ತು ಹೆಚ್ಚು. ಅರ್ಥಶಾಸ್ತ್ರ ಓದಿದವಳಿಗೆ ಕಷ್ಟದ ಲೆಕ್ಕವಲ್ಲ.

ತಿರುವು ಹತ್ತಿರ ಬಂದಾಗ ಒಳಗಿನ ಗೆರೆ ಬಿಟ್ಟು ಅಗಲಕ್ಕೆ ಹೊರಗೆ ಬಂದೆ. ಗೆರೆಯ ಹತ್ತಿರ ನಿಂತಿದ್ದ ಪೇದೆ, “ಒಳಗ ಬಾ, ಒಳಗ ಬಾ” ಎಂದು ಕೈ ಬೀಸುತ್ತಿದ್ದ. ನಾನು ಕುತ್ತಿಗೆ ತಗ್ಗಿಸಿದೆ. ಕಾಲು ತಡೆಯಲಿಲ್ಲ. ಸುತ್ತಿ, ಸುತ್ತಿ, ನೇರ ದಾರಿಗೆ ಬಂದಾಗ ಮೊದಲು ನನ್ನನ್ನು ದಾಟಿ ಹೋಗಿದ್ದ ಹುಡುಗಿ ನನ್ನ ಎಡಕ್ಕಿದ್ದಳು. ಕೊನೆಯ ತಿರುವನ್ನೂ ಹಾಗೇ ಹೊರಗಿನಿಂದ ಸುತ್ತಿದೆ. ಆ ಹೊತ್ತಿನಲ್ಲಿ ಯಾರು ನನ್ನನ್ನು ನೋಡುತ್ತಿದ್ದಾರೆ ಎಂಬುದು ನನಗೆ ನೆನಪೇ ಇರಲಿಲ್ಲ.

ಅಧಿಕಾರಿ ಕೈಯಲ್ಲಿದ್ದ ಗಡಿಯಾರ ನೋಡಿ ನಂಬರುಗಳನ್ನು ಓದಿದರು. ನನ್ನದು ಪಾಸಾದವರಲ್ಲಿ ಕೊನೆಯದಕ್ಕಿಂತ ಒಂದು ಮೇಲೆ. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ನೆಲದ ಮೇಲೆ ಕೂತೆ.

ಗೇಟಿನ ಹೊರಗೆ ಬಂದಾಗ ಕಾಕು ನನ್ನ ಮುಖ ನೋಡಿಯೇ ತಿಳಿದುಕೊಂಡು ನನ್ನನ್ನು ತಬ್ಬಿದಳು. ಕಾಕಾ ಬಾಯಿ ತೆರೆದ. ದನಿಯೇ ಹೊರಡಲಿಲ್ಲ.

“ಕೂಗಿ ಕೂಗಿ ಗಂಟಲ ಕಟ್ಟೈತಿ ನೋಡವ್ವಾ” ಎಂದಳು ಕಾಕು. “ಗಿಡಾ ಏರಿದ್ರು. ಈ ವಯಸ್ಸಿನ್ಯಾಗ! ‘ಅಯ್ಯಯ್ಯ, ತಡ್ಯಾಕತ್ತಾಳ, ತಡ್ಯಾಕತ್ತಾಳ’ ಅಂತ ತಲಿ ತಲಿ ಬಡ್ಕೊಂಡ್ರು. ಆಮ್ಯಾಲ ‘ಬಲಗೋಲ ಆಗು! ಹೊರಗ ಬಾ! ಬಲಗೋಲ ಆಗು!’ ಅಂತ ಶುರು ಹಚ್ಚಿದ್ರು. ಆಜೂಬಾಜೂದ ಮಂದಿ, ಇವರ ಹೋರಿ ಎಲ್ಲಿ ಐತಿ ಅಂತ ಒಳಗ ಹುಡಕಾಕತ್ತಿದ್ರು.”

ಕಾಕಾ ಗಂಟಲು ಸರಿಮಾಡಿಕೊಂಡು, ಒಡಕು ದನಿಯಲ್ಲಿ ಹೇಳಿದ: “ತಪ್ಪ ನಂದ, ಮಗಳ. ಹೋರಿಗಿ ಜೋಡಿ ಆತು ಅನ್ನೂ ಖುಷಿಯಾಗ ನಿನ್ನ ಎಡಗೋಲ ಮಾಡಿಬಿಟ್ನಿ. ಚಲೋ ಆತು, ನನ್ನ ದನಿ ಕೇಳಿ ಹೊರಗ ಬಂದಿ.”

ಅವನ ಮುಖ ಅಷ್ಟು ಬೆಳಗುತ್ತಿತ್ತು. ಸುಮ್ಮನಿರಬಹುದಿತ್ತು. ಆದರೆ ಅವನಿಗೆ ನಾನು ಒಮ್ಮೆಯೂ ಉಸಿರಿನ ಬಗ್ಗೆ, ಕಾಲಿನ ಬಗ್ಗೆ, ಸುಳ್ಳು ಹೇಳಿರಲಿಲ್ಲ.

“ನನಗ ಕೇಳಲಿಲ್ಲ ಕಾಕಾ” ಎಂದೆ.

“ಕೇಳಲಿಲ್ಲ?”

“ಒಂದ ಮಾತೂ ಕೇಳಲಿಲ್ಲ.”

ಅವನು ನನ್ನನ್ನು ನೋಡಿದ. ಅಂಗಳದಲ್ಲಿ ಮೊದಲ ದಿನ ನೋಡಿದಂತೆ, ಕಾಲಿನಿಂದ ತಲೆಯತನಕ. ಆಮೇಲೆ ಪಟಕಾ ತೆಗೆದು ಕೈಯಲ್ಲಿ ಹಿಡಿದು, ಪಕ್ಕದಲ್ಲಿ ನಿಂತಿದ್ದ, ನಾವ್ಯಾರೂ ಕಂಡರಿಯದ ಒಬ್ಬ ಯಜಮಾನರ ಭುಜ ಹಿಡಿದು ಅಲ್ಲಾಡಿಸಿದ. “ಕೂಗಿಲ್ಲದ ತಿರಗ್ಯಾಳ್ರೀ! ಕೇಳಿದ್ರೇನ್ರಿ? ನಮ್ಮ ಹುಡುಗಿ ಕೂಗಿಲ್ಲದ ತಿರಗ್ಯಾಳ!”

ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. “ಚಲೋ ಆತ ಬಿಡ್ರಿ” ಎಂದರು. ಕಾಕು ಅವರಿಗೂ ಒಂದು ರೊಟ್ಟಿ ಕೊಟ್ಟಳು.

ಈಚೆಗೆ ಬೆಳಗಾವಿಯಲ್ಲಿ ಕೆಲವರು ತಮಗಾಗಿಯೇ ಒಬ್ಬ ತರಬೇತುದಾರನನ್ನು ಇಟ್ಟುಕೊಳ್ಳುತ್ತಾರಂತೆ. ಅದರಿಂದ ಏನು ಉಪಯೋಗ, ಓಡಲು ರಸ್ತೆ ಇಲ್ಲವೇ ಎಂದು ಜೊತೆಗೆ ಕೆಲಸ ಮಾಡುವ ಗೆಳತಿ ಕೇಳಿದಳು. ರಸ್ತೆ ಇದೆ ಎಂದೆ. ಹೆಚ್ಚು ವಿವರಿಸಲು ಹೋಗಲಿಲ್ಲ. ಹೋರಿಯಿಂದ ಶುರುಮಾಡಬೇಕಾಗುತ್ತಿತ್ತು.

ಆಗ ಪೊಲೀಸ್ ತರಬೇತಿ ಮುಗಿದು ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಕ್ಕ ಕ್ವಾರ್ಟರ್ಸು ಚಿಕ್ಕದು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಬೇವಿನ ಗಿಡ. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಗಳಿ. ಮೊದಲ ಸಂಜೆ ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ.

ಅಲ್ಲಿಗೆ ಮೊದಲು ಬಂದವನು ಕಾಕಾ. ಕಿಟಕಿಯಿಂದ ನೋಡಿದೆ. ಹೆಗಲ ಮೇಲೆ ಹುರಳಿಯ ಚೀಲ. ಎಡಗೋಲಿನ ಎತ್ತು ಸಿಕ್ಕು, ಹೋರಿ ಕಾಗವಾಡದ ಕಡೆ ಮೊದಲ ಶರ್ಯತ್ತು ಓಡಿತ್ತೆಂದು ಕೇಳಿದ್ದೆ. ಅದರ ಗುಲಾಲು ಅವನ ಪಟಕಾದ ಅಂಚಿನಲ್ಲಿ ಇನ್ನೂ ಇತ್ತು. ಮೆಟ್ಟಿಲ ಹತ್ತಿರ ಬಂದು ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ. ನಮ್ಮ ಮನೆತನದಲ್ಲಿ ಬಾಗಿಲು ಬಡಿದು ಒಳಗೆ ಬಂದವರಿಲ್ಲ. ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಬಡಿಯಲು ಕೈ ಎತ್ತಿದ, ಇಳಿಸಿದ. ಕೊನೆಗೆ ಚೀಲ ಕೆಳಗಿಟ್ಟು, ಎದೆಯುಬ್ಬಿಸಿ ಉಸಿರು ತುಂಬಿಕೊಂಡ. ಕ್ವಾರ್ಟರ್ಸಿನ ಸಾಲೆಲ್ಲ ಎದ್ದು ಕೂರುವಂತೆ ಈಗ “ಎಡಗೋಲ!” ಎಂದು ಕೂಗುತ್ತಾನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವನು ಕೂಗುವ ಮೊದಲೇ ಅಗಳಿ ತೆಗೆದೆ.